ಮಾತ್ರೆ ಆಡಿಸಿದ ಮಾತು

ಜೂನ್ ೯

ಪ್ರೀತಿಯ ಗುಂಡನಿಗೆ,

ಒಂದು ಮಾತನ್ನು ಹೇಳದೆಯೇ ಬಿಟ್ಟುಬಿಡುವುದರಲ್ಲಿದ್ದೆ. ಬಸ್ ಹೊರಡುವಾಗ ನಿನ್ನ ಚೀಲದ ಪಕ್ಕದ ಜೇಬಿಗೆ ವಾರದ ಮಾತ್ರೆಯ ಡಬ್ಬಿ ತುರುಕಿದೆನಲ್ಲ, ಮಲೇರಿಯಾ ಬಾರದಿರಲೆಂದು ನುಂಗುವುದು, ಅದರೊಳಗಿನ ಕಾಗದವನ್ನು ನಾನು ಮೊದಲೇ ತೆಗೆದಿಟ್ಟುಕೊಂಡಿದ್ದೆ. "ಭಾನುವಾರ ಊಟ ಆದ್ಮೇಲೆ ಒಂದು, ತುಂಬ ನೀರು ಕುಡಿ" ಎಂದಷ್ಟೇ ಹೇಳಿ ಕಳಿಸಿದೆ.

ಆ ಕಾಗದ ನಾನೇ ಬರೆದದ್ದು. ಔಷಧಿ ಡಬ್ಬಿಯೊಳಗೆ ಮಡಿಕೆಯ ಮೇಲೆ ಮಡಿಕೆಯಾಗಿ ಕೂತಿರುವ, ಯಾರೂ ಬಿಚ್ಚಿ ಓದದ ಹಾಳೆಯನ್ನು ಇಂಗ್ಲಿಷಿನಿಂದ ನಮ್ಮ ಭಾಷೆಗೆ ತರುವುದೇ ಅಲ್ಲವೇ ಇಷ್ಟು ವರ್ಷ ನನ್ನ ಹೊಟ್ಟೆಪಾಡು. ಅದರಲ್ಲಿ ಹೀಗಿದೆ: "ಕೆಲವರಲ್ಲಿ ಕೆಟ್ಟ ಕನಸು, ನಿದ್ರೆಗೇಡು, ಕಳವಳ, ಕಾರಣವಿಲ್ಲದ ಶಂಕೆ ಕಾಣಿಸಿಕೊಳ್ಳಬಹುದು. ಹಾಗಾದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಿ."

ಹೇಳಿದರೆ ನಿನಗೆ ಬಂದೇ ಬರುತ್ತದೆ ಎಂದು ಹೆದರಿದೆ. ಹಾಲಿಗೆ ಹಲ್ಲಿ ಬಿದ್ದಿತ್ತಂತೆ ಎಂದು ಪಕ್ಕದ ಮನೆಯವರು ಅಂದದ್ದನ್ನು ಕೇಳಿ, ಆ ಹಾಲು ಕುಡಿಯದೆಯೇ ವಾಂತಿ ಮಾಡಿಕೊಂಡ ಹುಡುಗ ನೀನು. ಆದರೆ ಬಸ್ ತಿರುವಿನಲ್ಲಿ ಮರೆಯಾದ ಮೇಲೆ, ಊರಿಗೆಲ್ಲ ಎಚ್ಚರಿಕೆ ಬರೆದು ಹಂಚುವವಳು ಒಡಹುಟ್ಟಿದವನಿಗೆ ಮಾತ್ರ ಮುಚ್ಚಿಟ್ಟೆನಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಎರಡು ಭಾನುವಾರ ಇಲ್ಲೇ ನುಂಗಿದ್ದೀಯ, ಏನೂ ಆಗಲಿಲ್ಲ. ಆಗುವುದೂ ಇಲ್ಲ. ಆದರೆ ಬರಿ.

ಈ ವರ್ಷದಿಂದ ಔಷಧಿಯ ಬಗ್ಗೆ ನಮ್ಮ ಕಂಪನಿಗೆ ಬರುವ ದೂರುಗಳನ್ನು ತೆರೆಯುವ ಕೆಲಸವೂ ನನ್ನ ಮೇಜಿಗೆ ಬಂದಿದೆ. ಅಲ್ಲಿಯ ಚಾಳಿ, ಬರೆದ ದಿನ ಮೇಲೆ, ಅಂಚೆಗೆ ಹಾಕಿದ ದಿನ ಕೆಳಗೆ. ಮನೆಯ ಕಾಗದಕ್ಕೂ ಅಂಟಿಕೊಂಡುಬಿಟ್ಟಿದೆ, ನಗಬೇಡ.

ನಿನ್ನ ಅಕ್ಕ
ಅಂಚೆಗೆ: ಜೂನ್ ೧೧


ಜೂನ್ ೨೮

ಅಕ್ಕಾ,

ನಿನ್ನ ಕಾಗದ ಡೀಸೆಲ್ ಲಾರಿಯಲ್ಲಿ ಬಂತು. ಇಲ್ಲಿ ಅಂಚೆಯವನೂ ಅದೇ, ತರಕಾರಿಯವನೂ ಅದೇ. ಫೋನ್ ಬೇಕೆಂದರೆ ಗುಡ್ಡ ಹತ್ತಬೇಕು, ಹತ್ತಿದ ಮೇಲೂ ಅದು ಮನಸ್ಸು ಮಾಡಬೇಕು.

ಹೇಳಿದ್ದು ಒಳ್ಳೇದಾಯ್ತು. ಕನಸು ಬೀಳ್ತಿವೆ, ಆದರೆ ಕೆಟ್ಟವಲ್ಲ, ಬಣ್ಣಬಣ್ಣದವು. ಮೊನ್ನೆ ನೀನೂ ಅಮ್ಮನೂ ನನ್ನ ಸೇತುವೆ ಮೇಲೆ ನಿಂತು ಜಗಳ ಆಡ್ತಿದ್ರಿ. ಸೇತುವೆಗೆ ಇನ್ನೂ ಒಂದು ಕಂಬವೂ ಎದ್ದಿಲ್ಲ, ನಿಮ್ಮ ಜಗಳ ಮಾತ್ರ ತಯಾರು.

ನಾನಿರೋದು ತಗಡಿನ ಶೆಡ್ಡು. ಮಂಚ, ಸೊಳ್ಳೆಪರದೆ, ನನ್ನ ಅಳತೆಯ ದೂರದರ್ಶಕದ ಪೆಟ್ಟಿಗೆ. ಹೊಳೆ ಅಗಲ ಅಳೆಯುವುದೇ ಸದ್ಯದ ಕೆಲಸ. ನನ್ನ ಜೊತೆ ಅಳತೆಕೋಲು ಹಿಡಿಯುವವನೊಬ್ಬನಿದ್ದಾನೆ, ಎಲ್ಲರೂ ಕೊಕ್ಕರೆ ಅಂತಾರೆ. ಸೊಂಟದವರೆಗಿನ ನೀರಲ್ಲಿ ಒಂದು ಕಾಲ ಮೇಲೆ ಭಾರ ಬಿಟ್ಟು ನಿಂತನೆಂದರೆ ಕೋಲು ಕದಲುವುದಿಲ್ಲ. ಬಾಯಿ ಮಾತ್ರ ಕದಲುತ್ತಲೇ ಇರುತ್ತೆ. ಕ್ಯಾಂಪಿನವರು ನಮ್ಮಂಥ ಆಫೀಸಿನವರಿಗಷ್ಟೇ ವಾರದ ಮಾತ್ರೆ ಅಂತ ಮಾಡಿದ್ದಾರೆ. ಕೂಲಿಯವರಿಗೆ ಜ್ವರ ಬಂದರೆ ಮೂರು ದಿನದ ಮಾತ್ರೆ. ಕೊಕ್ಕರೆ ಅಂತಾನೆ, "ನಿಮಗೆ ಬರೋಕ್ ಮುಂಚೆ ಔಷಧಿ, ನಮಗೆ ಬಂದ್ಮೇಲೆ ಔಷಧಿ. ಬಸ್ಸಲ್ಲೂ ಹಿಂಗೇ ಅಲ್ವಾ ಸಾರ್, ನೀವು ಕೂತ್ಕೊಂಡು, ನಾವು ನಿಂತ್ಕೊಂಡು. ಊರು ಒಂದೇ."

ಅವರಪ್ಪನ ಕಾಲದಲ್ಲಿ ಕ್ಲೋರೋಕ್ವಿನ್ ನುಂಗಿದರೆ ಸಾಕಿತ್ತಂತೆ. ಈಗ ಇಲ್ಲಿಯ ರೋಗ ಅದನ್ನು ಬಿಸ್ಕತ್ತಿನ ಹಾಗೆ ತಿಂದು ಕೂರುತ್ತೆ. ನೀವು ಕಂಪನಿಯವರು ಚಾಪೆ ಕೆಳಗೆ ತೂರಿದ್ರೆ ಅದು ರಂಗೋಲಿ ಕೆಳಗೆ ತೂರುತ್ತೆ. ಮೂರು ದಿನದ ಮಾತ್ರೆಯ ಸ್ಟ್ರಿಪ್ ಮೇಲೆ ನಿಮ್ಮ ಕಂಪನಿ ಗುರುತು ಕಂಡು ಮನೆಯ ಪಾತ್ರೆ ಕಂಡಷ್ಟು ಖುಷಿಯಾಯ್ತು ನೋಡು.

ಅಮ್ಮನಿಗೆ ಹೇಳು, ನಾನು ತೆಳ್ಳಗಾಗಿದ್ದೇನೆ. ಗುಂಡ ಅನ್ನುವ ಹೆಸರು ಈಗ ಸಾಲ ತಂದದ್ದು.

ಗುಂಡ


ಜುಲೈ ೧೦

ಪ್ರೀತಿಯ ಗುಂಡನಿಗೆ,

ನಗು ಬರುವಂಥ ಕನಸಾದರೆ ಚಿಂತೆಯಿಲ್ಲ. ಅಮ್ಮನಿಗೆ ಓದಿ ಹೇಳಿದೆ. "ಸೇತುವೆ ಮೇಲೆ ನಾನ್ಯಾಕೆ ಜಗಳ ಆಡ್ಲಿ, ಮನೇಲಿ ಜಾಗ ಇಲ್ವಾ?" ಅಂದರು.

ಒಂದೇ ಒಂದು ವಿಷಯ. ಕನಸು ಬಂದರೆ ಕನಸು ಅಂತ ಗೊತ್ತಾಗುತ್ತದೆ. ಶಂಕೆ ಹಾಗಲ್ಲ, ಅದು ಬಂದವರಿಗೆ ಬಂದಿದೆ ಎಂದು ತಿಳಿಯುವುದಿಲ್ಲ, ಎದುರಿನವರಿಗಷ್ಟೇ ತಿಳಿಯುವುದು. ನನ್ನ ಮೇಜಿಗೆ ಅಂಥ ಪತ್ರಗಳು ಬರುತ್ತವೆ. ಒಬ್ಬ ಮೇಷ್ಟರು ತಮ್ಮ ಹೆಂಡತಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾಳೆಂದು ನಾಲ್ಕು ಪುಟ ಬರೆದಿದ್ದರು, ಅಕ್ಷರ ಮುತ್ತಿನಂತೆ. ಹಾಗಾಗಿ ಏನೇ ಅನ್ನಿಸಿದರೂ ನನಗೆ ಬರಿ. ತೂಗಿ ನೋಡುವುದು ನನಗಿರಲಿ.

ದೂರು ವಿಭಾಗ ಪೂರ್ತಿ ನನ್ನ ಕೈಗೆ ಬರಬಹುದೆಂದು ಮಾತಿದೆ. ವರ್ಷದ ಕೊನೆಯವರೆಗೆ ಯಾವ ಎಡವಟ್ಟೂ ಆಗದಿದ್ದರೆ ಸಾಕು.

ಅಕ್ಕ
ಅಂಚೆಗೆ: ಜುಲೈ ೧೧


ಆಗಸ್ಟ್ ೩

ಅಕ್ಕಾ,

ಇದನ್ನು ಅಮ್ಮನಿಗೆ ಓದಬೇಡ.

ಇಲ್ಲಿ ಏನೋ ಸರಿಯಿಲ್ಲ. ನಾನು ಸಂಜೆ ನೆಟ್ಟ ಅಳತೆಯ ಗೂಟ ಬೆಳಗ್ಗೆ ನೋಡಿದರೆ ಒಂದು ಗೇಣು ಆಚೆ ಇರುತ್ತೆ. ಯಾರೋ ಕೀಳ್ತಾರೆ. ಅಡುಗೆಯವನು ನನ್ನ ಚಹಾ ಬೇರೆ ಪಾತ್ರೆಯಲ್ಲಿ ಮಾಡ್ತಾನೆ, ಕೇಳಿದರೆ "ಸಕ್ಕರೆ ಕಮ್ಮಿ ಅಂದಿದ್ರಲ್ಲ ಸಾರ್" ಅಂತಾನೆ. ನಾನು ಅಂದೇ ಇಲ್ಲ. ಅಂದಿದ್ದೆನಾ? ಮಲಗಿದರೆ ಎದೆ ಹೊಡೆದುಕೊಂಡು ಏಳ್ತೇನೆ. ಕ್ಯಾಂಪಿನ ಡಾಕ್ಟರು ನನ್ನನ್ನು ನೋಡುವ ರೀತಿ ಸರಿಯಿಲ್ಲ.

ಇನ್ನೊಂದು. ಕೊಕ್ಕರೆಗೆ ಕಳೆದ ತಿಂಗಳು ಜ್ವರ ಬಂತು. ಮಲೇರಿಯಾನೇ, ರಕ್ತ ನೋಡಿದ್ದಾರೆ. ಮೂರು ದಿನದ ಮಾತ್ರೆ ಪೂರ್ತಿ ನುಂಗಿದ. ನನ್ನ ಕಣ್ಣೆದುರೇ ನುಂಗಿದ, ಯಾಕಂದ್ರೆ ಕಹಿ ಅಂತ ಉಗಿಯುವ ಪೈಕಿ ಅವನು, ಪಕ್ಕದಲ್ಲೇ ನಿಂತಿದ್ದೆ. ವಾಂತಿ ಮಾಡಲಿಲ್ಲ. ಎದ್ದು ಕೆಲಸಕ್ಕೆ ಬಂದ. ಮೂರು ವಾರಕ್ಕೆ ಮತ್ತೆ ಅದೇ ಚಳಿ, ಅದೇ ನಡುಕ. ಡಾಕ್ಟರು ಮತ್ತೆ ಅದೇ ಮಾತ್ರೆ ಕೊಟ್ಟರು. ಅವನೊಬ್ಬನೇ ಅಲ್ಲ, ಕಬ್ಬಿಣ ಕಟ್ಟುವವನಿಗೂ ಹಾಗೇ ಆಯ್ತು, ಲಾರಿ ಕ್ಲೀನರಿಗೂ.

ಮಾತ್ರೆ ನಕಲಿಯಾ? ಡಾಕ್ಟರು ಒಳ್ಳೇದು ಮಾರಿಕೊಂಡು ಸುಣ್ಣದುಂಡೆ ಕೊಡ್ತಿದ್ದಾರಾ? ಅಥವಾ ಹಳೇ ಗುಳಿಗೆಗೆ ಆದ ಗತಿ ನಿಮ್ಮ ಹೊಸ ಮಾತ್ರೆಗೂ ಆಯ್ತಾ, ರೋಗ ಪಳಗಿಬಿಡ್ತಾ? ರಕ್ತ ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕು? ವಿಳಾಸ ಕೊಡು. ನೀನು ಅದೇ ಕೆಲಸದಲ್ಲಿರೋಳು, ನಿನಗೆ ಗೊತ್ತಿರುತ್ತೆ.

ಗುಂಡ


ಆಗಸ್ಟ್ ೧೪

ಪ್ರೀತಿಯ ಗುಂಡನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಅಕ್ಕನಾಗಿ, ಎರಡನೇ ಸಲ ಕಸುಬಿನವಳಾಗಿ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು.

ಗೂಟ ಯಾರೂ ಕೀಳುತ್ತಿಲ್ಲ, ಗುಂಡ. ಚಹಾದಲ್ಲಿ ಏನೂ ಇಲ್ಲ. ಡಾಕ್ಟರು ನಿನ್ನನ್ನು ಎಲ್ಲರಂತೆಯೇ ನೋಡುತ್ತಿದ್ದಾರೆ. ನಾನು ಹೇಳಿದ್ದೆನಲ್ಲ, ಇದು ಮಾತ್ರೆ ಆಡಿಸುವ ಮಾತು. ನಿನ್ನ ತಪ್ಪಲ್ಲ, ನಿನ್ನ ಸ್ವಭಾವವೂ ಅಲ್ಲ. ವಾರದ ಮಾತ್ರೆಯನ್ನು ಇವತ್ತೇ ನಿಲ್ಲಿಸು. ಬದಲಿಗೆ ದಿನಕ್ಕೊಂದರಂತೆ ನುಂಗುವ ಕ್ಯಾಪ್ಸೂಲ್ ಇದೆ, ಡಾಕ್ಟರನ್ನು ಕೇಳು. ಅದನ್ನು ನುಂಗಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗುತ್ತದೆ, ತೋಳು ಮುಚ್ಚುವ ಅಂಗಿ ಹಾಕು. ಆದರೆ ತಲೆಗೆ ತೊಂದರೆ ಇಲ್ಲ.

ಕೊಕ್ಕರೆಯ ವಿಷಯ. ಹೊಳೆಯಲ್ಲಿ ನಿಲ್ಲುವವನಿಗೆ ಇನ್ನೊಂದು ಸೊಳ್ಳೆ ಕಚ್ಚುವುದಿಲ್ಲವೇ? ಅದು ಹೊಸ ಜ್ವರವಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದ ಹಾಗೆ. ರೋಗ ಔಷಧಿಗೆ ಬಗ್ಗುತ್ತಿದೆಯೋ ಇಲ್ಲವೋ ಎನ್ನುವುದು ಕಣ್ಣಂದಾಜಿನ ವಿಷಯವಲ್ಲ. ಒಂದು ಜ್ವರದಲ್ಲಿ, ಮಾತ್ರೆ ಕೊಡುವ ಮೊದಲು, ಒಂದು ತೊಟ್ಟು ರಕ್ತವನ್ನು ದಪ್ಪ ಹೀರುಕಾಗದಕ್ಕೆ ಇಳಿಸಿ ಒಣಗಿಸುತ್ತಾರೆ. ಜ್ವರ ಮರಳಿದಾಗ ಇನ್ನೊಂದು ತೊಟ್ಟು. ಎರಡನ್ನೂ ಪ್ರಯೋಗಾಲಯದಲ್ಲಿ ಹೋಲಿಸಿದರೆ, ಹಳೆಯದೇ ಬದುಕಿ ಉಳಿದದ್ದೋ ಹೊಸದಾಗಿ ಬಂದದ್ದೋ ಎಂದು ಗೊತ್ತಾಗುತ್ತದೆ. ಇಷ್ಟೆಲ್ಲ ಇದೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಓದಬೇಡ ಅಂದದ್ದಕ್ಕೆ ಅಮ್ಮನಿಗೆ ಓದಲಿಲ್ಲ. ಅವರೇ ಕೇಳಿದರು, "ಏನು ಬರೆದಿದ್ದಾನೆ?"

"ನಿದ್ದೆ ಸರಿಯಾಗಿ ಬರ್ತಿಲ್ವಂತೆ."

"ಅಷ್ಟಕ್ಕೆ ಮೂರು ಹಾಳೆನಾ? ಏನೋ ಕೇಳಿರ್ತಾನೆ. ಒಂದು ಮಾತು ಹಿಡಿದ್ರೆ ಬಿಡೋನಲ್ಲ ಅವ್ನು. ಅದಕ್ಕೆ ಉತ್ತರ ಬರೆದ್ಯಾ?"

ಬರೆದೆ ಅಂದೆ.

ಅಕ್ಕ
ಅಂಚೆಗೆ: ಆಗಸ್ಟ್ ೨೧


ಸೆಪ್ಟೆಂಬರ್ ೭

ಅಕ್ಕಾ,

ನಿನ್ನ ಕಾಗದ ಬರುವ ಮೊದಲೇ ಡಾಕ್ಟರು ವಾರದ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಶೆಡ್ಡಿಗೇ ಬಂದು ಡಬ್ಬಿ ತೆಗೆದುಕೊಂಡು ಹೋದರು. "ರೆಸ್ಟ್ ತಗೊಳ್ಳಿ, ಸುಮ್ಮನೆ ಏನೇನೋ ಯೋಚಿಸ್ಬೇಡಿ" ಅಂದರು. ನನ್ನ ಕನಸಿನ ವಿಷಯ ನಿನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯ್ತೋ. ಮುಖದಲ್ಲೇ ಕಾಣ್ತಿತ್ತೇನೋ.

ಬದಲಿ ಕ್ಯಾಪ್ಸೂಲ್ ಕ್ಯಾಂಪಿನಲ್ಲಿಲ್ಲ. ಬರುತ್ತೆ ಅಂತಾರೆ. ಬರೋದೆಲ್ಲ ಡೀಸೆಲ್ ಲಾರಿಯಲ್ಲೇ ಬರಬೇಕು.

ಈಗ ನನ್ನ ಹೆಸರು "ಮಾತ್ರೆ". "ಮಾತ್ರೆ ಬಂದ್ರು, ಗೂಟ ಮುಚ್ಚಿಡ್ರೋ" ಅಂತ ಕಬ್ಬಿಣ ಕಟ್ಟುವವರು ಕೂಗ್ತಾರೆ. ಹೇಗೆ ಹಬ್ಬಿತೋ ಇದೂ ಗೊತ್ತಿಲ್ಲ. ನಗುತ್ತೇನೆ. ಆಮೇಲೆ ಶೆಡ್ಡಿಗೆ ಬಂದು ನಗುವುದಿಲ್ಲ.

ಕಾಗೆಯ ಮಾತು ಬರೆದಿದ್ದೀಯ. ಮೂರು ಕೊಂಬೆ ಮುರಿದ ಮೇಲಾದರೂ ಕಾಗೆಯ ತೂಕ ನೋಡಬೇಡವಾ? ನಮ್ಮ ಕೆಲಸದಲ್ಲಿ ಒಂದು ಸಲ ಅಳೆದದ್ದು ಅಳತೆಯಲ್ಲ, ವಾಪಸ್ ಬರುತ್ತಾ ಇನ್ನೊಂದು ಸಲ ಅಳೆಯಬೇಕು. ನೀನು ಹೇಳಿದ ಹೀರುಕಾಗದ ನಕ್ಷೆಯ ಪೆಟ್ಟಿಗೆಯಲ್ಲೇ ಸಿಕ್ಕಿತು. ವಿಳಾಸ ನೀನು ಕೊಡಲಿಲ್ಲ. ಕೊಡು.

ಗುಂಡ


ಸೆಪ್ಟೆಂಬರ್ ೨೦

ಪ್ರೀತಿಯ ಗುಂಡನಿಗೆ,

ಮಾತ್ರೆ ನಿಂತದ್ದು ಸಮಾಧಾನ. ಆದರೆ ಈ ಮಾತ್ರೆ ಮೈಯಿಂದ ಹೋಗಲು ವಾರಗಟ್ಟಲೆ ಬೇಕು, ಕರಗಿ ಕರಗಿ ಹೋಗುತ್ತದೆ. ಅಲ್ಲಿಯವರೆಗೆ ಯಾವುದನ್ನೂ ತೀರ್ಮಾನಿಸಬೇಡ. ಯಾರನ್ನೂ ದೂರಬೇಡ. ಪರದೆ ಸರಿಯಾಗಿ ಕಟ್ಟಿಕೋ, ಸಂಜೆ ಹೊಳೆಯ ಕಡೆ ಹೋಗಬೇಡ.

ವಿಳಾಸ ವಿಚಾರಿಸುತ್ತೇನೆ. ಆಫೀಸಿನಲ್ಲಿ ಈಗ ತಪಾಸಣೆಯ ಗಡಿಬಿಡಿ.

ಅಮ್ಮನ ಮಂಡಿನೋವು ಹಾಗೇ ಇದೆ. ನಮ್ಮ ರಸ್ತೆ ಅಗೆದಿದ್ದಾರೆ, ಹಲಗೆಯ ಮೇಲೆ ನಡೆದು ಮನೆ ಸೇರಬೇಕು. ನಿನಗೆ ಉದ್ದ ತೋಳಿನ ಅಂಗಿ ಎರಡು ಕಳಿಸಿದ್ದೇನೆ.

ಅಕ್ಕ
ಅಂಚೆಗೆ: ಅಕ್ಟೋಬರ್ ೧


ಅಕ್ಟೋಬರ್ ೨೬

ಅಕ್ಕಾ,

ಇದನ್ನು ಕೆಳಗಿನ ಪೇಟೆಯ ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ನರ್ಸಮ್ಮ ಹಾಳೆ ಕೊಟ್ಟರು. ನನಗೂ ಬಂತು. ವಾರದ ಮಾತ್ರೆ ಇಲ್ಲ, ಬದಲಿ ಬರಲಿಲ್ಲ, ಸೊಳ್ಳೆ ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಇಲ್ಲಿ ಹಳೇ ಕ್ವಿನೈನ್ ನರಕ್ಕೇರಿಸಿ ಉಳಿಸಿದರು. ಈಗ ಕಿವಿಯಲ್ಲಿ ಸದಾ ಜೀರುಂಡೆ. ನಿನ್ನ ಪಟ್ಟಿಯಲ್ಲಿ ಇದೂ ಇರಬೇಕು, ನೋಡಿ ಗುರುತು ಹಾಕಿಕೋ.

ಕನಸು ನಿಂತು ತುಂಬ ದಿನವಾಯ್ತು. ಗೂಟ ನೆಟ್ಟಲ್ಲೇ ಇರುತ್ತೆ, ಮೊದಲೂ ನೆಟ್ಟಲ್ಲೇ ಇತ್ತು. ಅಡುಗೆಯವನ ಕೈ ಹಿಡಿದು ತಪ್ಪಾಯ್ತು ಅಂದೆ. ಅವನು, "ನೀವು ಅನುಮಾನ ಪಟ್ಟಿದ್ದು ನಂಗೆ ಗೊತ್ತೇ ಆಗ್ಲಿಲ್ಲ ಸಾರ್, ಚಹಾ ಚೆನ್ನಾಗಿಲ್ಲ ಅನ್ಕೊಂಡಿದ್ದೆ" ಅಂದ. ಡಾಕ್ಟರು ಮಾತ್ರೆ ಮಾರಿಕೊಂಡಿಲ್ಲ, ಅದೂ ನನ್ನ ತಲೆಯದ್ದೇ. ಒಪ್ಪಿದೆ. ಕನಸು ನಿಂತಿತು ಅಕ್ಕಾ, ಕೊಕ್ಕರೆಯ ಜ್ವರ ನಿಲ್ಲಲಿಲ್ಲ.

ಕೊಕ್ಕರೆ ಹೋದ.

ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಮತ್ತೆ ಅದೇ ಮೂರು ದಿನ. ಈ ತಿಂಗಳು ಮತ್ತೆ. "ಸಾರ್, ಈ ಮಾತ್ರೆಗೂ ನನ್ ಜ್ವರಕ್ಕೂ ಸ್ನೇಹ ಆಗ್ಬಿಟ್ಟಿದೆ, ಒಬ್ರು ಬಂದ್ರೆ ಇನ್ನೊಬ್ರು ಎದ್ದು ಜಾಗ ಕೊಡ್ತಾರೆ" ಅಂತ ನಗಿಸಿದ. ಅವತ್ತು ಸಂಜೆ ಮಾತು ತೊದಲಿತು. ಜ್ವರ ತಲೆಗೇರಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಅವನ ಕಾಲು ಹಿಡಿಸಲಿಲ್ಲ, ಮಡಿಸಬೇಕಾಯ್ತು. ಅಷ್ಟು ಉದ್ದದ ಕಾಲು. ಪೇಟೆ ಮುಟ್ಟಲಿಲ್ಲ.

ವಾಪಸ್ ಬಂದು ನಾನು ಡಾಕ್ಟರ ಅಂಗಿ ಹಿಡಿದೆ. ಮೂರನೇ ಸಲ ಬಂದಾಗಲೇ ಹೇಳಿದ್ದೆನಲ್ಲ, ಬೇರೆ ಔಷಧಿ ಕೊಡಿ, ಇಲ್ಲವೇ ಪೇಟೆಗೆ ಕಳಿಸಿ ಅಂತ, ಯಾಕೆ ಕೇಳಲಿಲ್ಲ ಅಂದೆ. ಅವರು ಅಂಗಿ ಬಿಡಿಸಿಕೊಳ್ಳಲೂ ಇಲ್ಲ. ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಮುಂದಿಟ್ಟರು. "ನಿಮ್ಮ ಅಕ್ಕನೇ ಬರೆದಿದ್ದಾರಲ್ರೀ. ಕಂಪನಿಯವರು, ತಿಳಿದೋರು. ನಾನು ಯಾರನ್ನ ನಂಬ್ಲಿ?"

ನಿನ್ನ ಅಕ್ಷರ ನನಗೆ ಗೊತ್ತಿಲ್ಲವಾ? "ಅವನು ಜ್ವರ ಮರಳುವ ಬಗ್ಗೆ ಏನಾದರೂ ಹೇಳಿದರೆ, ಸದ್ಯಕ್ಕೆ ಅದನ್ನು ಮಾತ್ರೆ ಆಡಿಸಿದ ಮಾತೆಂದು ತಿಳಿದು ತಾಳ್ಮೆಯಿಂದ ನಡೆದುಕೊಳ್ಳಬೇಕಾಗಿ ವಿನಂತಿ."

ಎಷ್ಟು ಚೆನ್ನಾಗಿ ಬರೆಯುತ್ತೀಯ. ಅಪ್ಪ ನಮ್ಮಿಬ್ಬರಲ್ಲಿ ನಿನ್ನನ್ನೇ ಇಂಗ್ಲಿಷ್ ಶಾಲೆಗೆ ಹಾಕಿದ್ದು ಸರಿಯೇ ಆಯ್ತು.

ಗೂಟದ್ದೂ ಕೊಕ್ಕರೆಯದ್ದೂ ಒಂದೇ ಕಾಗದದಲ್ಲಿ ಬರೆದೆ, ಅದು ನನ್ನ ತಪ್ಪು. ನೀನು ಎರಡನ್ನೂ ಒಂದೇ ಪೆನ್ಸಿಲಿನಲ್ಲಿ ಗುರುತು ಹಾಕಿದೆ, ಅದು ಯಾರದ್ದು?

ಗುಂಡ


ನವೆಂಬರ್ ೨೨

ಇವರಿಗೆ,
ಔಷಧಿ ದೂರು ವಿಭಾಗ

ಮಾನ್ಯರೇ,

ವಿಷಯ: ಮಲೇರಿಯಾಕ್ಕೆ ಕೊಡುವ ಮೂರು ದಿನದ ಮಾತ್ರೆಯಿಂದ ಗುಣವಾಗದಿರುವುದು.

ನಾನು ಹೊಳೆ ಸೇತುವೆ ಕಾಮಗಾರಿಯಲ್ಲಿ ಸರ್ವೇಯರ್. ನನ್ನ ಕೈಕೆಳಗೆ ಅಳತೆಕೋಲು ಹಿಡಿಯುತ್ತಿದ್ದವರು, ಮೂವತ್ತೊಂದು ವಯಸ್ಸು, ನಿಮ್ಮ ಕಂಪನಿಯ ಮಾತ್ರೆಯನ್ನು ನನ್ನ ಎದುರಿನಲ್ಲಿ ಪೂರ್ತಿ ನುಂಗಿಯೂ ಮತ್ತೆ ಮತ್ತೆ ಜ್ವರ ಬಂದು ಅಕ್ಟೋಬರಿನಲ್ಲಿ ತೀರಿಕೊಂಡಿರುತ್ತಾರೆ. ಇನ್ನಿಬ್ಬರಿಗೆ ಜ್ವರ ಮರಳಿ, ಪೇಟೆಯಲ್ಲಿ ಬೇರೆ ಔಷಧಿಯಿಂದ ಗುಣವಾಗಿದೆ. ಸದರಿಯವರ ಮೂರನೇ ಜ್ವರದ ಮತ್ತು ಕೊನೆಯ ಜ್ವರದ ರಕ್ತದ ತೊಟ್ಟುಗಳನ್ನು, ಎರಡು ಸಲವೂ ಮಾತ್ರೆ ಕೊಡುವ ಮೊದಲು, ಹೀರುಕಾಗದದ ಮೇಲೆ ಒಣಗಿಸಿ ಲಗತ್ತಿಸಿದ್ದೇನೆ. ಬಳಸಿದ ಮಾತ್ರೆಯ ಖಾಲಿ ಸ್ಟ್ರಿಪ್ ಕೂಡ ಇದೆ. ಕ್ಯಾಂಪಿನಲ್ಲಿ ಇಂದಿಗೂ ಅದೇ ಮಾತ್ರೆಯನ್ನೇ ಕೊಡುತ್ತಿದ್ದಾರೆ.

ನಾನು ಮುನ್ನೆಚ್ಚರಿಕೆಯ ವಾರದ ಮಾತ್ರೆಯನ್ನು ಆಗಸ್ಟ್ ಕೊನೆಯಿಂದ ತೆಗೆದುಕೊಂಡಿರುವುದಿಲ್ಲ. ನನ್ನ ಬುದ್ಧಿ ಸ್ವಾಧೀನದಲ್ಲಿದೆ ಎಂದು ಪೇಟೆಯ ಆಸ್ಪತ್ರೆಯವರು ಬರೆದುಕೊಟ್ಟದ್ದನ್ನು ಲಗತ್ತಿಸಿದ್ದೇನೆ. ಇದನ್ನು ಲಗತ್ತಿಸಬೇಕಾದ ಮೊದಲ ದೂರುದಾರ ನಾನೇ ಇರಬೇಕು.

ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ಸರ್ವೇಯರ್


ಡಿಸೆಂಬರ್ ೯

ಗುಂಡ,

ನಿನ್ನ ದೂರು ಆಫೀಸಿನ ಟಪಾಲಿನಲ್ಲಿ ಬಂತು. ಲಕೋಟೆ ತೆರೆದಾಗ ಹೀರುಕಾಗದ ಜಾರಿ ಮೇಜಿನ ಮೇಲೆ ಬಿತ್ತು. ಎರಡು ಕಂದು ಚುಕ್ಕೆ, ಪ್ರತಿಯೊಂದರ ಕೆಳಗೆ ನಿನ್ನ ಪೆನ್ಸಿಲ್ ಅಕ್ಷರದಲ್ಲಿ ದಿನಾಂಕ. ಕಾಗದದ ಅಂಚಿನಲ್ಲಿ ನಕ್ಷೆಯ ಗೆರೆಯೊಂದು ಉಳಿದಿತ್ತು. ಕೈಯಿಂದ ಮುಟ್ಟಬಾರದೆಂದು ಗೊತ್ತಿದ್ದೂ ಮುಟ್ಟಿದೆ, ಅಂಚನ್ನಷ್ಟೇ.

ಮನೆಗೆ ತಂದು ದೂರನ್ನು ಅಮ್ಮನಿಗೆ ಓದಿದೆ. ಪೂರ್ತಿ ಓದಿದೆ, ಈ ಸಲ ಏನನ್ನೂ ಬಿಡಲಿಲ್ಲ. ಅಮ್ಮ ಕೇಳಿದರು, "ಅಕ್ಕ ಅಂತ ಎಲ್ಲೂ ಬರೆದಿಲ್ವಾ?"

"ಇಲ್ಲ."

"ಹಿಂದೆ ತಿರುಗಿಸಿ ನೋಡು."

ತಿರುಗಿಸಿ ನೋಡಿದೆ, ಗುಂಡ. ಇರುವುದಿಲ್ಲವೆಂದು ಗೊತ್ತಿದ್ದೂ ನೋಡಿದೆ.

ಕ್ಷಮೆ ಕ್ಷಮೆ ಎಂದು ನಾಲ್ಕು ಕಾಗದ ಬರೆದು ಹರಿದೆ. ನಮ್ಮ ಕಂಪನಿ ದೂರುದಾರರಿಗೆ ಕಳಿಸುವ ಉತ್ತರದಲ್ಲಿ "ವಿಷಾದಿಸುತ್ತೇವೆ" ಎಂಬ ಪದ ಹಾಕಿದ್ದು ನಾನೇ; ಆ ಪದದ ಬೆಲೆ ನನಗೆ ಗೊತ್ತು. ಅದಕ್ಕೆ, ಆದದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನ ಆಗಸ್ಟಿನ ಕಾಗದ ಬಂದ ದಿನ ಎರಡು ಕಾಗದ ಬರೆದೆ. ನಿನಗೆ ಬರೆದದ್ದು ಒಂದು ವಾರ ನನ್ನ ಚೀಲದಲ್ಲಿತ್ತು. ಡಾಕ್ಟರಿಗೆ ಬರೆದದ್ದನ್ನು ಅವತ್ತೇ ಮಧ್ಯಾಹ್ನ ಊಟ ಬಿಟ್ಟು ಹೋಗಿ ಹಾಕಿ ಬಂದೆ. ಈ ವರ್ಷ ನಾನು ಬರೆದ ದಿನವೇ ಅಂಚೆಗೆ ಬಿದ್ದ ಕಾಗದ ಅದೊಂದೇ. ನಿನ್ನನ್ನು ಉಳಿಸಲು ಓಡಿದೆ ಎಂದುಕೊಂಡಿದ್ದೆ. ಓಡಿದ್ದು ನಿಜ. ಆದರೆ ಬರೀ "ಮಾತ್ರೆ ನಿಲ್ಲಿಸಿ" ಎಂದು ಬರೆದರೆ ಸಾಕಿತ್ತಲ್ಲ? ನಿಯಮವೂ ಅಷ್ಟೇ. ಜ್ವರ ಮರಳುವ ಮಾತನ್ನು ಅಲ್ಲಿಗೆ ತಂದವಳು ನಾನು. ನಿನ್ನ ಪ್ರಶ್ನೆ ನನ್ನ ಮೇಜಿಗೆ ಬಂದರೆ ಅದು ದೂರು, ದಾಖಲೆಯಾಗಬೇಕು, ಅದರ ಮೇಲೆ ನನ್ನ ತಮ್ಮನ ಹೆಸರು. ಅದೇ ಪ್ರಶ್ನೆ ಮಾತ್ರೆಯ ಅಡ್ಡಪರಿಣಾಮವಾದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಫೀಸಿನ ದಾಖಲೆಗೂ ಹಾಗೆಂದೇ ಬರೆದು ಹಾಕಿದೆ. ನೀನು ಹೇಳಿದ್ದು ಸುಳ್ಳೆಂದು ನಾನು ನಂಬಿದೆನೋ, ಅಥವಾ ನಂಬುವುದು ಅನುಕೂಲವಾಗಿತ್ತೋ? ಎಷ್ಟು ಕೆದಕಿದರೂ ಇವೆರಡರ ನಡುವೆ ಗೆರೆ ಸಿಗುತ್ತಿಲ್ಲ. ಶಂಕೆ ಬಂದವರಿಗೆ ಬಂದಿದೆಯೆಂದು ತಿಳಿಯುವುದಿಲ್ಲ ಎಂದು ನಿನಗೆ ಬರೆದೆ. ನಂಬಿಕೆಯೂ ಹಾಗೆಯೇ ಎಂದು ಯಾರೂ ನನಗೆ ಬರೆದಿರಲಿಲ್ಲ.

ಇನ್ನೊಂದು. ಮೂರು ದಿನದ ಮಾತ್ರೆಯ ಡಬ್ಬಿಯೊಳಗಿನ ಕಾಗದವೂ ನನ್ನದೇ. ಅದರಲ್ಲಿ ಕೊನೆಯಿಂದ ಎರಡನೇ ಸಾಲು: "ಚಿಕಿತ್ಸೆ ಮುಗಿದು ನಾಲ್ಕು ವಾರದೊಳಗೆ ಜ್ವರ ಮರಳಿದರೆ ಇದೇ ಔಷಧಿಯನ್ನು ಮತ್ತೆ ಕೊಡಬಾರದು; ಬೇರೆ ಔಷಧಿ ಕೊಡಬೇಕು." ಹೊಸ ಸೊಳ್ಳೆಯೋ ಹಳೆಯ ರೋಗವೋ ತಿಳಿಯುವವರೆಗೂ ಕಾಯಬೇಕಿರಲಿಲ್ಲ. ಆ ಒಂದು ಸಾಲನ್ನು ಆಗಸ್ಟಿನಲ್ಲಿ ಬರೆದಿದ್ದರೆ ನೀನು ಅದನ್ನು ಡಾಕ್ಟರ ಮುಖಕ್ಕೆ ಹಿಡಿಯುತ್ತಿದ್ದೆ. ನಾನು ಹೀರುಕಾಗದದ ಪಾಠ ಮಾಡಿದೆ, ಕಾಗೆಯ ಗಾದೆ ಬರೆದೆ, ಅಂಗಿಯ ತೋಳಿನ ಉದ್ದ ಬರೆದೆ. ಆ ಸಾಲು ಮರೆತಿರಲಿಲ್ಲ. ಬರೆದರೆ ನಿನ್ನ ಮಾತನ್ನು ಒಪ್ಪಿದ ಹಾಗಾಗುತ್ತಿತ್ತು.

ದೂರು ಬಂದ ಮೇಲೆ ಮ್ಯಾನೇಜರ ಕೊಠಡಿಗೆ ತೆಗೆದುಕೊಂಡು ಹೋದೆ. ಓದಿದರು. ಕಂಪ್ಯೂಟರಿನಲ್ಲಿ ಏನೋ ಹುಡುಕಿದರು.

"ಇವ್ರು ನಿಮ್ಮ ತಮ್ಮ ತಾನೆ, ಮೇಡಂ?"

"ಹೌದು."

"ವಾರದ ಮಾತ್ರೆ ತಗೊಂಡು ಶಂಕೆ ಶುರುವಾಯ್ತು ಅಂತ ಇಲ್ಲಿ ದಾಖಲೆ ಇದೆ. ಬರೆದೋರೂ ನೀವೇ." ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಈಗ ಇದನ್ನ ಇಟ್ಕೊಂಡು ನಾನು ಏನ್ ಮಾಡ್ಲಿ ಹೇಳಿ. ಒಂದೋ ಇದು ತಪ್ಪು, ಇಲ್ಲಾ ಅದು ತಪ್ಪು. ಅದು ತಪ್ಪು ಅಂತ ಬರೆದುಕೊಡ್ತೀರಾ? ಬರೆದುಕೊಟ್ರೆ ದೂರು ವಿಭಾಗ ನಿಮ್ಮ ಕೈಗೆ ಹೇಗೆ ಕೊಡೋದು?" ಒರಟಾಗಿ ಹೇಳಲಿಲ್ಲ. ಚಹಾ ತರಿಸಿದರು. ನಾನು ಕುಡಿದೆ.

ಹೀರುಕಾಗದ ಅಂದಿನಿಂದ ನನ್ನ ಕೈಚೀಲದಲ್ಲಿದೆ. ಹಲಗೆಯ ಮೇಲೆ ನಡೆದು ಮನೆಗೆ ಬರುವಾಗ ಚೀಲವನ್ನು ಎದೆಗೆ ಒತ್ತಿ ಹಿಡಿಯುತ್ತೇನೆ. ಇದನ್ನು ಓದಿ ನಿನಗೆ ಸಿಟ್ಟು ಬರುತ್ತದೆ, ಬರಲಿ: ಮೊದಲ ದಿನವೇ ಕೊಡಬೇಕಾದಲ್ಲಿಗೆ ಕೊಡಬಹುದಿತ್ತು. ಅಲ್ಲಿ ಅದೇ ಮಾತ್ರೆಯನ್ನು ಇನ್ನೂ ಯಾರೋ ನುಂಗುತ್ತಿದ್ದಾರೆ. ನಿನ್ನೆ ಅಮ್ಮ, "ತಮ್ಮನಿಗೆ ತಲೆ ಕೆಟ್ಟಿದ್ರೆ ಸಾಕಪ್ಪ ಅಂತ ಕಾಯ್ತಿದ್ದ ಹಾಗಿತ್ತು ಆವಾಗ ನಿನ್ನ ಮುಖ" ಅಂದರು. ತೊಳೆಯುತ್ತಿದ್ದ ಪಾತ್ರೆಯಿಂದ ಕಣ್ಣೆತ್ತಲಿಲ್ಲ.

ನೀನು ಎರಡು ಸಲ ಕೇಳಿದ ವಿಳಾಸ ನಮ್ಮ ಆಫೀಸಿನಿಂದ ಎರಡು ಬಸ್ ನಿಲ್ದಾಣ ದೂರ. ಸರ್ಕಾರದ ಔಷಧಿ ನಿಯಂತ್ರಣ ಕಚೇರಿ, ಅದರ ಹಿಂದೆಯೇ ಪ್ರಯೋಗಾಲಯ, ಹಳದಿ ಗೋಡೆ. ದಿನಾ ಅದರ ಮುಂದೆಯೇ ಹಾದುಹೋಗುತ್ತೇನೆ. ಕಂಪನಿಯ ಪರವಾಗಿ ಆ ಕಚೇರಿಯವರೊಡನೆ ತಿಂಗಳಿಗೊಮ್ಮೆ ಮಾತಾಡುವವಳು ನಾನೇ. ಮುಂದಿನ ಸಭೆ ಸೋಮವಾರ, ೧೫ಕ್ಕೆ. ನಿನ್ನ ದೂರು, ರಕ್ತದ ಕಾಗದ, ಮಾತ್ರೆಯ ಸ್ಟ್ರಿಪ್, ಆಸ್ಪತ್ರೆಯವರ ಪತ್ರ, ಇವುಗಳ ಜೊತೆಗೆ ನಾನು ಸಹಿ ಮಾಡಿದ ಒಂದು ಪುಟ: ದಾಖಲೆಯಲ್ಲಿ ಶಂಕೆ ಎಂದು ನಾನು ಬರೆದದ್ದರಲ್ಲಿ ಅರ್ಧ ಶಂಕೆಯಲ್ಲ, ವರದಿ, ಅದನ್ನು ಮುಚ್ಚಿದವಳು ನಾನು. ಆ ಪುಟ ತಯಾರಿದೆ. ಬರೆಯುವುದು ನನಗೆ ಕಷ್ಟವಲ್ಲ, ನಿನಗೆ ಗೊತ್ತು.

ಕೊಡುತ್ತೇನೆ ಎಂದು ನಿನಗೆ ಈಗ ಬರೆದು ಹಾಕಿದರೆ ಅದೂ ಇನ್ನೊಂದು "ವಿಚಾರಿಸುತ್ತೇನೆ" ಆಗುತ್ತದೆ. ಹಾಗಾಗಿ ಈ ಕಾಗದವನ್ನೂ ಅದೇ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಹಳದಿ ಗೋಡೆಯ ಎದುರಿಗೆ ಒಂದು ಅಂಚೆ ಡಬ್ಬಿ ಇದೆ. ಅವೆಲ್ಲವನ್ನೂ ಅವರ ಕೈಗೆ ಕೊಟ್ಟು, ಸ್ವೀಕರಿಸಿದ್ದೇವೆ ಎಂಬ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದ ಮೇಲಷ್ಟೇ ಇದು ಡಬ್ಬಿಗೆ ಬೀಳುವುದು. ಕೊಡದೆ ಬಂದರೆ ಇದು ನಿನ್ನನ್ನು ಸೇರುವುದಿಲ್ಲ, ಮತ್ತು ಇಂಥದ್ದೊಂದು ಕಾಗದವಿತ್ತೆಂದು ನಿನಗೆ ಎಂದೂ ತಿಳಿಯುವುದಿಲ್ಲ. ಅಷ್ಟರಮಟ್ಟಿಗೆ ನನ್ನನ್ನು ನಾನು ಬಲ್ಲೆ, ಗುಂಡ.

ಕೊಕ್ಕರೆಯ ಮನೆಯವರು ಎಲ್ಲಿದ್ದಾರೆಂದು ಬರಿ. ನನಗೆ ಬರೆಯಲು ಮನಸ್ಸಿಲ್ಲದಿದ್ದರೆ ಅಮ್ಮನಿಗೆ ಬರಿ.

ಅಕ್ಕ
ಅಂಚೆಗೆ: ಡಿಸೆಂಬರ್ ೧೫